ಕೇಳಿ ಬರೆದಿಡುವವರು ಬೇಕಾಗಿದ್ದಾರೆ

ಹೋದ ವರ್ಷ ಶ್ರಾವಣದ ಒಂದು ಸಂಜೆ. ಬೆಳಗಿನಿಂದ ಹಿಡಿದ ಜಿಟಿಜಿಟಿ ಮಳೆ ಇನ್ನೂ ಬಿಟ್ಟಿರಲಿಲ್ಲ. ಪ್ರತಾಪ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಈ ಪತ್ರಿಕೆಯ ಕರಡು ತಿದ್ದುತ್ತ ಕುಳಿತಿದ್ದೆವು. ಬಾಗಿಲಲ್ಲಿ ಛತ್ರಿ ಮಡಿಸುತ್ತ ಒಬ್ಬ ಹುಡುಗಿ ನಿಂತಳು. ನಮ್ಮ ಸಂಘದ ಸದಸ್ಯರೊಬ್ಬರ ಮಗಳು, ಬಿ.ಎ. ಎರಡನೆಯ ವರ್ಷದಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಳು. ಹುಟ್ಟಿದ್ದು, ಬೆಳೆದದ್ದು ಎಲ್ಲ ನಾಗಪುರದಲ್ಲೇ. "ಕಾಕಾ, ಕಾಲೇಜಿನಲ್ಲಿ ಪ್ರಾಜೆಕ್ಟು ಮಾಡಿ ತನ್ನಿ ಅಂದಿದ್ದಾರೆ. ಯಾವ ವಿಷಯ ತೆಗೆದುಕೊಳ್ಳಲಿ?" ಎಂದಳು.

ಗೆಳತಿಯರು ಏನು ಮಾಡುತ್ತಿದ್ದಾರೆಂದು ಕೇಳಿದೆವು. ಒಬ್ಬಳು ವರದಕ್ಷಿಣೆಯ ಪಿಡುಗು, ಇನ್ನೊಬ್ಬಳು ಮೊಬೈಲಿನ ದುಷ್ಪರಿಣಾಮ, ಮತ್ತೊಬ್ಬಳು ಜಾಗತೀಕರಣ. ಹೆಚ್ಚಿನವು ಎಲ್ಲಿಂದಲೋ ಇಳಿಸಿಕೊಂಡವು, ಇಲ್ಲವೆ ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕವು. ಮೇಲಿನ ಹೆಸರು ಬದಲಾಯಿಸಿದರೆ ಕೆಲಸವಾಯಿತಂತೆ. "ಅದಿರಲಿ ತಾಯಿ, ನಿನಗೆ ನಿಜವಾಗಿ ತಿಳಿಯಬೇಕು ಅನ್ನಿಸುವುದು ಏನು?" ಎಂದೆವು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಇಲ್ಲಿಗೆ ಯಾಕೆ ಬಂದೆವು ಕಾಕಾ? ನಮ್ಮಜ್ಜ ಬಂದರಂತೆ. ಯಾಕೆ ಬಂದರು, ಯಾರ ಮನೆಯಲ್ಲಿ ಇಳಿದರು ಅಂತ ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ" ಎಂದಳು.

ಸಂಶೋಧನೆಯ ವಿಷಯ ಅಲ್ಲೇ ಸಿಕ್ಕಿತ್ತು. ಆದರೆ ಉತ್ತರ ನಮ್ಮ ಬಳಿಯೂ ಇರಲಿಲ್ಲ. ಆಕೆಯನ್ನು ಸಂಘದ ಹಿರಿಯರೊಬ್ಬರ ಮನೆಗೆ ಕರೆದುಕೊಂಡು ಹೋದೆವು. ತೊಂಬತ್ತರ ಸಮೀಪದ ಆ ಅಜ್ಜ ಎರಡು ತಾಸು ಮಾತನಾಡಿದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅಂಗಿಯ ಜೇಬಿನಲ್ಲಿ ಯಾರೋ ಬರೆದುಕೊಟ್ಟ ಒಂದು ವಿಳಾಸ, ಇಷ್ಟರಿಂದ ಅವರ ನಾಗಪುರ ಆರಂಭವಾಗಿತ್ತು. ಸಂಘದ ಮೊದಲ ಸದಸ್ಯರ ಪುಸ್ತಕ ತಮ್ಮ ಟ್ರಂಕಿನಲ್ಲೇ ಇದೆ ಎಂದರು. "ಇನ್ನೊಂದು ಭಾನುವಾರ ಬಾ ಮಗಳೆ, ತೆಗೆದು ತೋರಿಸುತ್ತೇನೆ, ಉಳಿದದ್ದನ್ನೂ ಹೇಳುತ್ತೇನೆ" ಎಂದು ಕಳುಹಿಸಿಕೊಟ್ಟರು.

ಆ ಭಾನುವಾರ ಸಂಘದ ಕಾರ್ಯಕ್ರಮ, ಮರು ಭಾನುವಾರ ಹುಡುಗಿಯ ಪರೀಕ್ಷೆ, ಆಮೇಲೆ ದೀಪಾವಳಿ. ಕಾರ್ತಿಕದಲ್ಲಿ ಅಜ್ಜ ತೀರಿಕೊಂಡರು. ಮಕ್ಕಳು ಮನೆ ಖಾಲಿ ಮಾಡುವಾಗ ಹಳೆಯ ಕಾಗದಗಳೆಲ್ಲ ತೂಕಕ್ಕೆ ಹೋದವು. ಅವರ ತಪ್ಪೇನೂ ಇಲ್ಲ. ಅವು ಏನೆಂದು ಅವರಿಗೆ ಹೇಳಿದವರೇ ಇರಲಿಲ್ಲ. ಹೇಳಬೇಕಾಗಿದ್ದವರು ನಾವು. ನಾಲ್ಕು ಬೀದಿ ದಾಟಿ ಹೋಗಿ ಬರಲು ನಮಗೆ ಮೂರು ತಿಂಗಳು ಪುರಸತ್ತಾಗಲಿಲ್ಲ. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ಈಗ ಸಮಾಜಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಮಕ್ಕಳಿಗೆ ಪ್ರಾಜೆಕ್ಟು ತಪ್ಪಿದ್ದಲ್ಲ. ಸಿ.ಬಿ.ಎಸ್.ಇ. ಶಾಲೆಯ 12ನೆಯ ತರಗತಿಯ ಸಮಾಜಶಾಸ್ತ್ರದಲ್ಲಿ ನೂರಕ್ಕೆ 20 ಅಂಕಗಳು ಇದಕ್ಕೇ ಮೀಸಲು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಪದವಿ ಕಾಲೇಜುಗಳಲ್ಲಿಯೂ ಕ್ಷೇತ್ರಕಾರ್ಯಕ್ಕೆ ಜಾಗ ಸಿಕ್ಕಿದೆ. ಹೇಗೂ ಮಾಡಲೇಬೇಕಾದ ಕೆಲಸ. ಅದನ್ನು ನಮ್ಮ ಬೀದಿಯಲ್ಲಿ, ನಮ್ಮ ಮನೆಗಳಲ್ಲಿ ಮಾಡಿದರೆ ಮಕ್ಕಳಿಗೆ ಅಂಕವೂ ಬರುತ್ತದೆ, ನಮಗೆ ಒಂದು ಚರಿತ್ರೆಯೂ ಉಳಿಯುತ್ತದೆ. ಹೀಗೆ ಮಾಡಬಹುದಾದ ಐದು ಸಂಶೋಧನೆಗಳನ್ನು ಕೆಳಗೆ ಸೂಚಿಸಿದ್ದೇವೆ. ತಂದೆತಾಯಂದಿರೂ ಓದಬೇಕೆಂದು ಪ್ರಾರ್ಥನೆ.

1. ಬಂದ ದಾರಿ

ಮೊದಲನೆಯದು ಆ ಹುಡುಗಿಯ ಪ್ರಶ್ನೆಯೇ: ಯಾರು, ಯಾವಾಗ, ಯಾಕೆ, ಯಾರ ಬೆನ್ನು ಹಿಡಿದು ಬಂದರು?

ವಲಸೆಯನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರಲ್ಲಿ ಮೊದಲಿಗನೆಂದು ಹೆಸರಾದವನು ಇಂಗ್ಲೆಂಡಿನ ರೇವನ್‌ಸ್ಟೈನ್. ಜನಗಣತಿಯ ಕೋಷ್ಟಕಗಳನ್ನು ಇಟ್ಟುಕೊಂಡು 1885ರಲ್ಲಿ ಆತ ಕೆಲವು ನಿಯಮಗಳನ್ನು ಬರೆದ. ಬಹಳ ಜನ ಹತ್ತಿರದ ಊರಿಗೇ ಹೋಗುತ್ತಾರೆ. ದೂರ ಹೋಗುವವರು ದೊಡ್ಡ ಪಟ್ಟಣಗಳನ್ನು ಹುಡುಕುತ್ತಾರೆ. ಒಂದೇ ಜಿಗಿತಕ್ಕಿಂತ ಮೆಟ್ಟಿಲು ಮೆಟ್ಟಿಲಾಗಿ ಸಾಗುವುದೇ ಹೆಚ್ಚು. ನಮ್ಮವರಿಗೆ ಇದು ಹೊಂದುತ್ತದೆಯೇ? ಹುಬ್ಬಳ್ಳಿಯಿಂದ ಪುಣೆ, ಪುಣೆಯಿಂದ ನಾಗಪುರ ಎಂದು ಬಂದವರೆಷ್ಟು, ಉಡುಪಿಯಿಂದ ನೆಟ್ಟಗೆ ಇಲ್ಲಿಗೇ ಬಂದವರೆಷ್ಟು? ಲೆಕ್ಕ ಹಾಕಿದರೆ ತಿಳಿಯುತ್ತದೆ.

ಕೇಳುವ ಮೊದಲು ಊರಿನ ಚರಿತ್ರೆ ಸ್ವಲ್ಪ ತಿಳಿದಿರಬೇಕು. ನಾಗಪುರಕ್ಕೆ ಬೊಂಬಾಯಿಯ ಕಡೆಯಿಂದ ರೈಲು ಬಂದದ್ದು 1867ರಲ್ಲಿ. ಕಾಜೀಪೇಟ–ಬಲ್ಹಾರ್ಷಾ ಕೊಂಡಿ ಕೂಡಿ ಮದರಾಸು–ದಿಲ್ಲಿ ನೇರ ಮಾರ್ಗವಾದದ್ದು 1929ರಲ್ಲಿ. ಅಂದಮೇಲೆ ಒಂದು ಕುಟುಂಬ ಭುಸಾವಳದ ದಾರಿಯಿಂದ ಬಂತೋ ಬಲ್ಹಾರ್ಷಾ ದಾರಿಯಿಂದ ಬಂತೋ ಎಂಬುದರಲ್ಲಿಯೇ ಅವರ ಊರು ಮತ್ತು ಕಾಲ ಎರಡರ ಸುಳಿವೂ ಇರುತ್ತದೆ. 1956ರ ನವೆಂಬರ್ 1ರ ವರೆಗೆ ನಾಗಪುರ ಮಧ್ಯಪ್ರದೇಶದ ರಾಜಧಾನಿ. ರಾಜ್ಯ ಪುನರ್ವಿಂಗಡಣೆಯಲ್ಲಿ ವಿದರ್ಭ ಮುಂಬಯಿ ರಾಜ್ಯಕ್ಕೆ ಸೇರಿತು, ರಾಜಧಾನಿ ಹೋಯಿತು. 1960ರ ಮೇ 1ರಂದು ಮಹಾರಾಷ್ಟ್ರವಾಯಿತು. ಅದೇ ಹೊತ್ತಿನಲ್ಲಿ ಕೇಂದ್ರ ಸರಕಾರದ ಸಂಸ್ಥೆಗಳು ಇಲ್ಲಿ ಬೆಳೆದವು. ಈಗ ನೀರಿ ಎಂದು ಕರೆಯುವ ಪರಿಸರ ಸಂಶೋಧನಾಲಯ 1958ರಲ್ಲಿ ಆರಂಭವಾಯಿತು. ನಮ್ಮ ಪ್ರತಾಪ ನಗರಕ್ಕೆ ಸಮೀಪದಲ್ಲೇ 1960ರಲ್ಲಿ ಹುಟ್ಟಿದ ಇಂಜಿನಿಯರಿಂಗ್ ಕಾಲೇಜಿಗೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನೇ ಇಟ್ಟರು. 2002ರಲ್ಲಿ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದಾಗಲೂ ಆ ಹೆಸರು ಉಳಿಯಿತು. ರೈಲ್ವೆಗೆ ಬಂದವರು, ಕಚೇರಿಗೆ ಬಂದವರು, ಸಂಶೋಧನೆಗೆ ಬಂದವರು, ಹೋಟೆಲಿಟ್ಟವರು, ಮದುವೆಯಾಗಿ ಬಂದವರು, ಇವರನ್ನು ಹತ್ತು ಹತ್ತು ವರ್ಷದ ಸಾಲುಗಳಲ್ಲಿ ಬರೆದು ನೋಡಿ. ಯಾವ ದಶಕದಲ್ಲಿ ಯಾವ ಬಾಗಿಲು ತೆರೆಯಿತೆಂಬುದು ತಾನಾಗಿ ಎದ್ದು ಕಾಣುತ್ತದೆ.

ಒಂದು ಎಚ್ಚರಿಕೆ. "ನೀವೇಕೆ ಬಂದಿರಿ?" ಎಂದು ಗಂಡಸರನ್ನು ಮಾತ್ರ ಕೇಳಬಾರದು. ಅವರು "ನೌಕರಿಗೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಹೆಂಗಸರನ್ನು ಕೇಳಿ. ಮೊದಲ ಬೇಸಿಗೆ ಹೇಗೆ ಕಳೆಯಿತು, ಯಾವ ನೆರೆಯಾಕೆ ಮರಾಠಿ ಕಲಿಸಿದಳು, ಚೊಚ್ಚಲ ಹೆರಿಗೆಗೆ ಊರಿಗೆ ಹೋದರೋ ಇಲ್ಲೇ ಆಯಿತೋ, ವಲಸೆಯ ನಿಜವಾದ ಕಥೆ ಅವರಲ್ಲಿರುತ್ತದೆ.

2. ನಿನ್ನೆ ರಾತ್ರಿ ಊಟಕ್ಕೆ ಕರೆದ ಮಾತು

ಎರಡನೆಯದು ಮನೆಮಾತು. "ನಿಮ್ಮ ಮನೆಯಲ್ಲಿ ಕನ್ನಡ ಮಾತನಾಡುತ್ತೀರಾ?" ಎಂದು ಕೇಳಿದರೆ ನಮ್ಮಲ್ಲಿ ಇಲ್ಲವೆನ್ನುವವರು ಯಾರು? ಅಭಿಮಾನ ಉತ್ತರ ಕೊಡುತ್ತದೆ, ಅಭ್ಯಾಸ ಬಾಯಿಬಿಡುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನು ಬದಲಾಯಿಸಬೇಕು. "ನಿನ್ನೆ ರಾತ್ರಿ ಮಗುವನ್ನು ಊಟಕ್ಕೆ ಕರೆದದ್ದು ಯಾವ ಮಾತಿನಲ್ಲಿ? ಮಗು ಯಾವ ಮಾತಿನಲ್ಲಿ ಉತ್ತರ ಕೊಟ್ಟಿತು? ಬೈದದ್ದು ಯಾವ ಮಾತಿನಲ್ಲಿ? ಹಣ ಎಣಿಸಿದ್ದು? ದೇವರ ಮುಂದೆ ಬೇಡಿಕೊಂಡದ್ದು?" ಹೀಗೆ ಕೇಳಿದರೆ ಸತ್ಯ ಹೊರಬೀಳುತ್ತದೆ. ಯಾರು, ಯಾರೊಡನೆ, ಯಾವಾಗ, ಯಾವ ಭಾಷೆ ಆಡುತ್ತಾರೆ ಎಂಬ ಈ ಕ್ರಮವನ್ನು ಅಮೆರಿಕದ ಭಾಷಾವಿದ್ವಾಂಸ ಜೋಷುವಾ ಫಿಷ್‌ಮನ್ 1965ರಲ್ಲಿ ಮುಂದಿಟ್ಟರು. ಇಂದಿಗೂ ಎಲ್ಲ ಕಡೆ ಅದನ್ನು ಬಳಸುತ್ತಾರೆ.

ಕನ್ನಡ–ಮರಾಠಿಗಳ ಸಹವಾಸದ ಬಗೆಗೆ ಲೋಕಪ್ರಸಿದ್ಧವಾದ ಒಂದು ಅಭ್ಯಾಸ ನಮ್ಮ ಮಹಾರಾಷ್ಟ್ರದಲ್ಲೇ ನಡೆದಿದೆ. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಜೈನರು, ಲಿಂಗಾಯತರು ಮನೆಯಲ್ಲಿ ಕನ್ನಡ, ಮುಸಲ್ಮಾನರು ಉರ್ದು, ಇನ್ನು ಕೆಲವರು ಮರಾಠಿ ಆಡುತ್ತಿದ್ದರು. ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಶತಮಾನಗಳ ಒಡನಾಟದಿಂದ ಅಲ್ಲಿಯ ಮೂರು ಭಾಷೆಗಳ ವಾಕ್ಯರಚನೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಪದಕ್ಕೆ ಪದ ಇಟ್ಟರೆ ಒಂದು ಭಾಷೆಯ ವಾಕ್ಯ ಇನ್ನೊಂದಾಗುತ್ತಿತ್ತು. ಆದರೂ ಪದಗಳು ಬೇರೆಯಾಗಿಯೇ ಉಳಿದಿದ್ದವು. ಏಕೆಂದರೆ ಪ್ರತಿಯೊಂದು ಮನೆಯೂ ಒಳಗೆ ತನ್ನ ಮಾತನ್ನೇ ಇಟ್ಟುಕೊಂಡಿತ್ತು. ಮಾತು ಉಳಿಯುವುದು ಸಭೆಯಲ್ಲಲ್ಲ, ಒಲೆಯ ಮುಂದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ನಾಗಪುರದ ನಮ್ಮ ಸ್ಥಿತಿ ಬೇರೆ. ಕುಪ್ವಾಡದಲ್ಲಿ ನೆರೆಹೊರೆಯೇ ಕನ್ನಡ. ಇಲ್ಲಿ ಒಂದು ಬೀದಿಗೆ ಒಂದು ಮನೆ ಕನ್ನಡ. ಜೊತೆಗೆ ಇಲ್ಲಿ ಮರಾಠಿಯೊಂದಿಗೆ ಹಿಂದಿಯೂ ಇದೆ. ಅಜ್ಜಿ, ತಾಯಿ, ಮಗಳು ಮೂವರಿಗೂ ಇವೇ ಪ್ರಶ್ನೆ ಕೇಳಿ, ಮೂರು ಕಂಬಸಾಲು ಹಾಕಿ, ಎಲ್ಲಿ ಕನ್ನಡ ಜಾರಿತೆಂದು ನೋಡಬಹುದು. ಜೊತೆಗೆ ಜನಗಣತಿಯ ಮಾತೃಭಾಷೆಯ ಕೋಷ್ಟಕಗಳನ್ನು ತೆಗೆಯಿರಿ. 2011ರ ಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ. ನಾಗಪುರ ಜಿಲ್ಲೆಯ ಸಾಲನ್ನು ಹಿಂದಿನ ಗಣತಿಗಳೊಡನೆ ಹೋಲಿಸುವುದೇ ಒಂದು ಪುಟ್ಟ ಪ್ರಾಜೆಕ್ಟು. 2021ರಲ್ಲಿ ಆಗಬೇಕಾಗಿದ್ದ ಗಣತಿ ಮುಂದೆ ಹೋಗಿ, 2027ಕ್ಕೆ ಎಂದು ಸರಕಾರ 2025ರಲ್ಲಿ ಪ್ರಕಟಿಸಿತು. ಗಣತಿಯವರು ಬಂದಾಗ ನಮ್ಮ ಮಕ್ಕಳ ಮಾತೃಭಾಷೆ ಏನೆಂದು ನಾವು ಬರೆಸುತ್ತೇವೆ? ಉತ್ತರ ಈಗಲೇ ಗೊತ್ತಿದ್ದರೆ ಒಳ್ಳೆಯದು.

3. ಅತ್ತೆ ಒಬ್ಬಳೋ ಮೂವರೋ

ಮೂರನೆಯದಕ್ಕೆ ಮನೆ ಬಿಟ್ಟು ಹೊರಗೇ ಹೋಗಬೇಕಾಗಿಲ್ಲ. ಕನ್ನಡದಲ್ಲಿ ತಂದೆಯ ಅಕ್ಕತಂಗಿಯರೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಮರಾಠಿಯಲ್ಲಿ ಮೊದಲನೆಯವಳು ಆತ್ಯಾ, ಎರಡನೆಯವಳು ಮಾಮಿ, ಮೂರನೆಯವಳು ಸಾಸು. ಮಾವನ ಸಂಗತಿಯೂ ಹೀಗೆಯೇ. ನಮ್ಮಲ್ಲಿ ಪದಗಳ ಬಡತನವೆಂದು ಯಾರೂ ತಿಳಿಯಬೇಡಿ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ಸಂಪ್ರದಾಯವಿದ್ದಲ್ಲಿ ಈ ಮೂವರೂ ಒಬ್ಬಳೇ ಆಗಬಲ್ಲಳು. ಹುಟ್ಟಿದಂದಿನಿಂದ ಅತ್ತೆಯೆಂದು ಕರೆದವಳೇ ಮದುವೆಯ ದಿನವೂ ಅತ್ತೆ. ಪದವೊಂದು ಮದುವೆಯ ಕಟ್ಟಳೆಯನ್ನು ತನ್ನೊಳಗೆ ಅಡಗಿಸಿಕೊಂಡಿದೆ.

ಅಮೆರಿಕದ ಮಾರ್ಗನ್ ಎಂಬ ವಿದ್ವಾಂಸ 1871ರಲ್ಲಿ ಲೋಕದ ನಾನಾ ಜನಾಂಗಗಳ ಬಂಧುವಾಚಕಗಳನ್ನು ಕೂಡಿಹಾಕಿ ದೊಡ್ಡ ಗ್ರಂಥ ಬರೆದಾಗ ತಮಿಳು ತೆಲುಗುಗಳೊಡನೆ ಕನ್ನಡದ ಪದಗಳನ್ನೂ ತರಿಸಿಕೊಂಡು ಸೇರಿಸಿದ್ದ. ನಮ್ಮ ದೇಶದಲ್ಲಿ ಈ ಕೆಲಸವನ್ನು ಆಳವಾಗಿ ಮಾಡಿದವರು ಪುಣೆಯ ಡೆಕ್ಕನ್ ಕಾಲೇಜಿನ ಇರಾವತಿ ಕರ್ವೆಯವರು. 1953ರ ತಮ್ಮ ಪುಸ್ತಕದಲ್ಲಿ ಅವರು ಭಾರತವನ್ನು ಬಂಧುತ್ವದ ದೃಷ್ಟಿಯಿಂದ ವಲಯಗಳಾಗಿ ವಿಂಗಡಿಸಿದರು. ಕರ್ನಾಟಕವನ್ನು ದಕ್ಷಿಣ ವಲಯಕ್ಕೂ ಮಹಾರಾಷ್ಟ್ರವನ್ನು ಉತ್ತರ ದಕ್ಷಿಣಗಳ ನಡುವಣ ವಲಯಕ್ಕೂ ಸೇರಿಸಿದರು. ನಾಗಪುರದ ಕನ್ನಡ ಮನೆಯೆಂದರೆ ಆ ಗಡಿಯನ್ನು ದಾಟಿ ಬಂದ ಮನೆ.

ಇಪ್ಪತ್ತು ಸಂಬಂಧಗಳ ಪಟ್ಟಿ ಮಾಡಿಕೊಳ್ಳಿ. ಪ್ರತಿ ಮನೆಯಲ್ಲಿ ಅಜ್ಜಿ ಏನೆಂದು ಕರೆಯುತ್ತಿದ್ದರು, ತಾಯಿ ಏನನ್ನುತ್ತಾರೆ, ಮಕ್ಕಳು ಏನನ್ನುತ್ತಾರೆ ಎಂದು ಬರೆಯಿರಿ. ಧಾರವಾಡ, ಬೆಳಗಾವಿಯ ಕಡೆಯ ಮನೆಗಳಲ್ಲಿ ಕಾಕಾ, ಅತ್ಯಾ, ಮಾವಶಿ ಮೊದಲೇ ಇದ್ದವು. ಅವನ್ನು ನಾಗಪುರದ ಪ್ರಭಾವವೆಂದು ಬರೆದರೆ ತಪ್ಪಾಗುತ್ತದೆ. ಮೈಸೂರಿನ, ಮಂಗಳೂರಿನ ಮನೆಗಳಲ್ಲಿ ಅವು ಹೊಸದಾಗಿ ಬಂದಿದ್ದರೆ ಅದು ಇಲ್ಲಿಯ ನೆರೆಯ ಕೊಡುಗೆ. ಎಲ್ಲರಿಗೂ ಅಂಕಲ್, ಆಂಟಿ ಎಂದು ಮುಗಿಸಿಬಿಟ್ಟಲ್ಲಿ ಏನು ಬಂತು, ಏನು ಹೋಯಿತು ಎಂಬುದನ್ನು ಓದುಗರೇ ಆಲೋಚಿಸಲಿ.

4. ವೈಶಾಖದ ಬಿಸಿಲಿನಲ್ಲಿ ಒಂಟಿ ಮನೆ

ನಾಲ್ಕನೆಯ ವಿಷಯ ಸ್ವಲ್ಪ ಕಠಿಣ. ನಮ್ಮ ಬಡಾವಣೆಯ ಹಲವು ಮನೆಗಳಲ್ಲಿ ಈಗ ಉಳಿದಿರುವವರು ಇಬ್ಬರೇ, ಕೆಲವೆಡೆ ಒಬ್ಬರೇ. ಮಕ್ಕಳು ಪುಣೆ, ಬೆಂಗಳೂರು, ಅಮೆರಿಕ ಸೇರಿದ್ದಾರೆ. ತಂದೆತಾಯಿ ನಾಗಪುರಕ್ಕೆ ಬಂದಂತೆಯೇ ಅವರೂ ಹೋದರು, ದೂರುವಂತಿಲ್ಲ. ಆದರೆ ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ನಾಗಪುರದ ಮಧ್ಯಾಹ್ನ, ಕೂಲರು ಕೆಟ್ಟರೆ, ವಿದ್ಯುತ್ತು ಹೋದರೆ, ಆ ಮನೆಯ ಬಾಗಿಲು ತಟ್ಟುವವರು ಯಾರು?

1995ರ ಜುಲೈಯಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಒಂಟಿ ವೃದ್ಧರೇ ಬಹಳ. ಎರಿಕ್ ಕ್ಲಿನನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿ 2002ರಲ್ಲಿ ಒಂದು ಪುಸ್ತಕ ಬರೆದರು. ಎರಡೂ ಬಡವರ ಬಡಾವಣೆಗಳೇ, ಬಿಸಿಲೂ ಒಂದೇ. ಬೀದಿಯಲ್ಲಿ ಅಂಗಡಿ, ಜನಸಂಚಾರ, ಮಾತುಕತೆ ಇದ್ದ ಕಡೆ ಸಾವು ಬಹಳ ಕಡಿಮೆ. ಪಾಳುಬಿದ್ದ ಬೀದಿಗಳ ಬಡಾವಣೆಯಲ್ಲಿ ಅನೇಕ ಪಾಲು ಹೆಚ್ಚು. ಬಿಸಿಲು ಕೊಲ್ಲುವುದಕ್ಕೆ ನೆರೆಹೊರೆಯ ಅಭಾವವೂ ಸೇರಿತ್ತು.

ಒಬ್ಬ ವಿದ್ಯಾರ್ಥಿ ಪ್ರತಾಪ ನಗರದ ಎರಡು ಬೀದಿಗಳನ್ನು ಆರಿಸಿಕೊಳ್ಳಲಿ: ಒಂದು ಅಂಗಡಿಸಾಲಿನ ಬೀದಿ, ಇನ್ನೊಂದು ಕಾಂಪೌಂಡು ಗೋಡೆಗಳ ನಿಶ್ಶಬ್ದ ಬೀದಿ. ಅರವತ್ತೈದು ದಾಟಿದವರನ್ನು ಕಂಡು ಕೇಳಲಿ: ನಿನ್ನೆ ಎಷ್ಟು ಜನರೊಡನೆ ಮಾತನಾಡಿದಿರಿ? ಔಷಧಿ ಯಾರು ತಂದುಕೊಡುತ್ತಾರೆ? ರಾತ್ರಿ ತಲೆ ತಿರುಗಿದರೆ ಮೊದಲು ಯಾರಿಗೆ ಫೋನು ಮಾಡುತ್ತೀರಿ? ಆ ಮೊದಲ ಹೆಸರು ಮಗನದೋ, ಜಾತಿಬಾಂಧವರದೋ, ಕನ್ನಡಿಗರದೋ, ಪಕ್ಕದ ಮನೆಯ ಮರಾಠಿ ತಾಯಿಯದೋ? ಹಲವು ಕಡೆ ಆ ಹೆಸರು ಮನೆಗೆಲಸಕ್ಕೆ ಬರುವ ಬಾಯಿಯದೇ ಆಗಿದ್ದರೆ ನಮಗೆ ಆಶ್ಚರ್ಯವಾಗದು. ಹಾಗಿದ್ದರೆ ಆಕೆಯನ್ನೂ ಕೇಳಬೇಕು. ಎಷ್ಟು ದೂರದಿಂದ ನಡೆದು ಬರುತ್ತಾಳೆ, ಎಷ್ಟು ಮನೆ ಮಾಡುತ್ತಾಳೆ, ಸಂಬಳವೆಷ್ಟು, ಆಕೆಗೆ ತಲೆ ತಿರುಗಿದರೆ ಯಾರು? ನಮ್ಮ ಸಮಾಜವನ್ನು ಅಭ್ಯಾಸ ಮಾಡುತ್ತೇವೆಂದು ಹೊರಟು, ಅದನ್ನು ಹೊತ್ತು ನಿಂತವಳನ್ನೇ ಬಿಟ್ಟರೆ ಅದು ಅರ್ಧ ಸಂಶೋಧನೆ. ಈ ಪ್ರಾಜೆಕ್ಟಿನ ಕೊನೆಯ ಪುಟ ಸಂಘಕ್ಕೆ ಕೂಡಲೇ ಉಪಯೋಗಕ್ಕೆ ಬರುತ್ತದೆ: ಬೇಸಿಗೆಯಲ್ಲಿ ದಿನಕ್ಕೊಮ್ಮೆ ಯಾವ ಮನೆಗಳ ಬಾಗಿಲು ತಟ್ಟಬೇಕೆಂಬ ಪಟ್ಟಿ. ಹಿರಿಯರು ಒಪ್ಪಿದರೆ ಮಾತ್ರ ಅದನ್ನು ಸಂಘಕ್ಕೆ ಕೊಡಬೇಕು.

5. ನಮಗಿಂತ ಮೊದಲು ಬಂದವರು

ಐದನೆಯದು ಎಂ.ಎ. ಓದುವವರಿಗೆ. ಈ ಕಡೆಗೆ ಕನ್ನಡ ಬಂದದ್ದು ನಮ್ಮೊಂದಿಗೇ ಎಂದು ನಾವು ತಿಳಿದಿರುತ್ತೇವೆ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯಲ್ಲಿ ದ್ರಾವಿಡ ಭಾಷೆಗಳನ್ನೊಳಗೊಂಡ 4ನೆಯ ಸಂಪುಟ 1906ರಲ್ಲಿ ಪ್ರಕಟವಾಯಿತು. ಅಂದಿನ ಮಧ್ಯಪ್ರಾಂತದಲ್ಲಿ, ಸಿವನಿ, ಬಾಲಾಘಾಟ, ಭಂಡಾರ, ನಾಗಪುರಗಳ ಕಡೆ, ದನಕರು ಕಾಯುತ್ತ ಸಂಚರಿಸುವ ಜನರ ಗೋಲರಿ ಎಂಬ ಮಾತನ್ನು ಅದರಲ್ಲಿ ಕನ್ನಡದ ಒಂದು ಉಪಭಾಷೆಯೆಂದು ದಾಖಲಿಸಿದ್ದಾರೆ. 1916ರಲ್ಲಿ ರಸೆಲ್ ಮತ್ತು ರಾಯಬಹಾದ್ದೂರ ಹೀರಾಲಾಲರು ಮಧ್ಯಪ್ರಾಂತದ ಜಾತಿ–ಬುಡಕಟ್ಟುಗಳ ಬಗೆಗೆ ಬರೆದ ಗ್ರಂಥದಲ್ಲಿಯೂ ಇವರ ಪ್ರಸ್ತಾಪವಿದೆ. ರೈಲಿಗಿಂತ ಮೊದಲೇ, ದನದ ಹಿಂದೆ ನಡೆದು ಬಂದ ಕನ್ನಡ ಅದು. ಸರಕಾರಿ ನೌಕರಿಯಿಲ್ಲದೆ, ಸಂಘವಿಲ್ಲದೆ, ಲಿಪಿಯ ಗೊಡವೆಯಿಲ್ಲದೆ ಅದು ಅಷ್ಟು ತಲೆಮಾರು ಹೇಗೆ ಉಳಿಯಿತು? ಆ ಕುಟುಂಬಗಳನ್ನು ಹುಡುಕಿ, ಈಗ ಮನೆಯಲ್ಲಿ ಏನು ಆಡುತ್ತಾರೆಂದು ಕೇಳಿ ಬರೆಯುವವರು ಬೇಕು.

ಇದಕ್ಕೆ ನೆರವೂ ಊರಿನಲ್ಲೇ ಇದೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಮಧ್ಯ ಪ್ರಾದೇಶಿಕ ಕೇಂದ್ರ ಸೆಮಿನರಿ ಹಿಲ್ಸ್‌ನಲ್ಲಿದೆ. 1863ರಲ್ಲಿ ಸ್ಥಾಪಿತವಾದ, ಜನ ಅಜಬ್ ಬಂಗಲೆ ಎನ್ನುವ ವಸ್ತುಸಂಗ್ರಹಾಲಯವಿದೆ. 1923ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವಿದೆ. ಹಳ್ಳಿಯ ಅಧ್ಯಯನಕ್ಕೆ ಹೆಸರಾದ ಎಸ್.ಸಿ. ದುಬೆಯವರು ಅಧ್ಯಾಪಕರಾಗಿ ವೃತ್ತಿ ಆರಂಭಿಸಿದ್ದು ಇದೇ ಊರಿನ ಹಿಸ್ಲಾಪ್ ಕಾಲೇಜಿನಲ್ಲಿ.

ನಾಲ್ಕು ಕಟ್ಟಳೆಗಳು

ವಿಷಯ ಎಷ್ಟು ಒಳ್ಳೆಯದಾದರೂ ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಆದುದರಿಂದ ಮಕ್ಕಳಿಗೆ ನಾಲ್ಕು ಮಾತು.

ಒಂದು, ಸಿಕ್ಕವರನ್ನೇ ಕೇಳಿ ಎಲ್ಲರ ಪರವಾಗಿ ಬರೆಯಬಾರದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 24 ಲಕ್ಷ ಉತ್ತರಗಳನ್ನು ಕೂಡಿಸಿ ರೂಸ್‌ವೆಲ್ಟ್ ಸೋಲುತ್ತಾರೆಂದು ಸಾರಿತು. 48 ರಾಜ್ಯಗಳಲ್ಲಿ 46ನ್ನು ಅವರೇ ಗೆದ್ದರು. ಪತ್ರಿಕೆ ಕೇಳಿದ್ದು ಮುಖ್ಯವಾಗಿ ಟೆಲಿಫೋನು, ಮೋಟಾರು ಇದ್ದವರನ್ನು. ನಮ್ಮ ರಾಜ್ಯೋತ್ಸವಕ್ಕೆ ಬಂದವರನ್ನು ಮಾತ್ರ ಕೇಳಿ ನಾಗಪುರದ ಕನ್ನಡಿಗರ ಮನೆಮಾತು ಕನ್ನಡವೇ ಎಂದು ಬರೆದರೆ ಅದೇ ಪ್ರಮಾದ. ಸಂಘಕ್ಕೆ ಬಾರದವರ ಮನೆಗೇ ಮೊದಲು ಹೋಗಬೇಕು.

ಎರಡು, ಒಪ್ಪಿಗೆ. ಏಕೆ ಕೇಳುತ್ತೇವೆ, ಯಾರು ಓದುತ್ತಾರೆಂದು ಮೊದಲೇ ಹೇಳಬೇಕು. ಮೊಬೈಲಿನಲ್ಲಿ ಧ್ವನಿ ಮುದ್ರಿಸುವುದಾದರೆ ಕೇಳಿ ಮುದ್ರಿಸಬೇಕು. ಬೇಡವೆಂದರೆ ಬೇಡ. ಮನೆಯ ಕಷ್ಟ ಹೇಳಿಕೊಂಡವರ ಹೆಸರು ಪ್ರಾಜೆಕ್ಟಿನಲ್ಲಿ ಬರಕೂಡದು.

ಮೂರು, ಕೇಳಿದ್ದನ್ನೇ ಬರೆಯಬೇಕು. ಅಣ್ಣ 1958 ಅಂದರೆ, ತಮ್ಮ 1961 ಅಂದರೆ ಎರಡನ್ನೂ ಬರೆದು, ರೇಷನ್ ಕಾರ್ಡು, ಶಾಲೆಯ ದಾಖಲೆ, ಹಳೆಯ ಪತ್ರದ ಅಂಚೆ ಮುದ್ರೆ ನೋಡಿ ತೀರ್ಮಾನಿಸಬೇಕು. ನೋಡಲು ಏನೂ ಸಿಗದಿದ್ದರೆ ಎರಡೂ ಹಾಗೆಯೇ ಇರಲಿ.

ನಾಲ್ಕು, ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಬೇಕು. ಇದಕ್ಕೊಂದು ಕಥೆಯಿದೆ. 11ನೆಯ ತರಗತಿಯ ಸಮಾಜಶಾಸ್ತ್ರದ ಪಠ್ಯದಲ್ಲಿ ನಮ್ಮ ಮಕ್ಕಳು ಎಂ.ಎನ್. ಶ್ರೀನಿವಾಸರ ಹೆಸರನ್ನು ಓದುತ್ತಾರೆ. ಅವರು ಮೈಸೂರಿನಲ್ಲಿ ಹುಟ್ಟಿದವರೆಂಬುದು ಎಷ್ಟು ಮಕ್ಕಳಿಗೆ ಗೊತ್ತೋ ತಿಳಿಯದು. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ ಜನಜೀವನವನ್ನು ಬರೆದುಕೊಂಡರು. ತಮ್ಮ ಬರಹಗಳಲ್ಲಿ ಆ ಹಳ್ಳಿಯನ್ನು ರಾಮಪುರ ಎಂದು ಕರೆದರು. ಹದಿನೆಂಟು ವರ್ಷ ಪರಿಷ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಅಧ್ಯಯನದ ಕೊಠಡಿಯಲ್ಲಿದ್ದವು. 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಕಟ್ಟಡಕ್ಕೆ ಬೆಂಕಿಯಿಟ್ಟರು, ಮೂರೂ ಬೂದಿಯಾದವು. ಶ್ರೀನಿವಾಸರು ಕೈಚೆಲ್ಲಿ ಕೂಡಲಿಲ್ಲ. ಹಳ್ಳಿಯನ್ನು ನೆನಪಿನಿಂದಲೇ ಮತ್ತೆ ಕಟ್ಟಿ ಬರೆದರು. ನೆನಪಿನ ಹಳ್ಳಿ ಎಂಬರ್ಥದ ಹೆಸರಿನಿಂದ 1976ರಲ್ಲಿ ಹೊರಬಂದ ಆ ಇಂಗ್ಲಿಷ್ ಪುಸ್ತಕ ಅವರ ಕೃತಿಗಳಲ್ಲೆಲ್ಲ ಹೆಚ್ಚು ಜನರ ಮನಸ್ಸನ್ನು ಮುಟ್ಟಿತು. ಕಾಗದ ಸುಟ್ಟಿತು, ನೆನಪಿದ್ದವನು ಉಳಿದಿದ್ದ. ನಮ್ಮ ಅಜ್ಜನ ವಿಷಯದಲ್ಲಿ ನೆನಪಿದ್ದವನೂ ಹೋದ, ಕಾಗದವೂ ಹೋಯಿತು.

ಕಡೆಯ ಮಾತು

ನಾಗಪುರ ಎಂಬ ಹೆಸರು ಮೊದಲಿಗೆ ಕಾಣುವುದು ಎಲ್ಲಿ ಬಲ್ಲಿರಾ? ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕ, ಕ್ರಿ.ಶ. 940ರ ಒಂದು ತಾಮ್ರಶಾಸನದಲ್ಲಿ. ಅದನ್ನು ಕೊರೆಸಿದವನು ಮಾನ್ಯಖೇಟದಿಂದ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡದಿಂದ, ಆಳಿದ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣ. ನಾಗಪುರ–ನಂದಿವರ್ಧನ ವಿಷಯದಲ್ಲಿ ಒಂದು ಹಳ್ಳಿಯನ್ನು ದಾನ ಕೊಟ್ಟ ಸಂಗತಿ ಅದರಲ್ಲಿದೆ. ಬರೆದಿಟ್ಟರು, ಆದ್ದರಿಂದ ಸಾವಿರ ವರ್ಷದ ಮೇಲೂ ನಮಗೆ ತಿಳಿಯಿತು. ನಮಗೆ ತಾಮ್ರ ಬೇಕಾಗಿಲ್ಲ, ಒಂದು ನೋಟುಬುಕ್ಕು ಸಾಕು.

ಆ ಹುಡುಗಿ ಕೊನೆಗೂ ತನ್ನ ಪ್ರಾಜೆಕ್ಟು ಮುಗಿಸಿದಳು. ಹತ್ತಾರು ಮನೆಗಳಿಗೆ ಹೋಗಿ ಕೇಳಿ ಬರೆದಳು. ಅಜ್ಜ ಹೇಳಿದ ಎರಡು ತಾಸಿನ ಮಾತು ಅದರಲ್ಲಿ ಆರು ಪುಟವಾಗಿದೆ. ಏಳನೆಯ ಪುಟದ ತಲೆಯ ಮೇಲೆ "ಮುಂದಿನ ಭಾನುವಾರ" ಎಂದು ಬರೆದು, ಕೆಳಗೆ ಖಾಲಿ ಬಿಟ್ಟಿದ್ದಾಳೆ. ಪ್ರತಿಯೊಂದನ್ನು ನಮಗೆ ತಂದುಕೊಟ್ಟಾಗ ಆ ಪುಟವನ್ನು ನೋಡಿ ನಾವು ಮಾತನಾಡಲಾರದೆ ಹೋದೆವು.

ಸಂಘದ ಕೋಣೆಯಲ್ಲಿ ಒಂದು ಕಪಾಟನ್ನು ಈ ಕೆಲಸಕ್ಕೆಂದೇ ಬಿಟ್ಟಿದ್ದೇವೆ. ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿನ ಒಂದು ಪ್ರತಿಯನ್ನು ಅದರಲ್ಲಿಡಲಿ, ಮರಾಠಿಯಲ್ಲಿ ಬರೆದಿರಲಿ, ಇಂಗ್ಲಿಷಿನಲ್ಲಿರಲಿ. ಆದರೆ ಹಿರಿಯರು ಆಡಿದ ಮಾತು ಅವರಾಡಿದ ಕನ್ನಡದಲ್ಲೇ ಇರಲಿ. ಒಳ್ಳೆಯದನ್ನು ಈ ಪುಟಗಳಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇವೆ. ತಾಯಂದಿರು ಹಳೆಯ ಫೋಟೋಗಳ ಹಿಂದೆ ಇಂದೇ ಹೆಸರು ಬರೆದಿಡಲಿ. ಲಗ್ನಪತ್ರಿಕೆ, ಹಳೆಯ ಕಾಗದ ತೂಕಕ್ಕೆ ಹಾಕುವ ಮೊದಲು ಒಮ್ಮೆ ನಮಗೆ ತಿಳಿಸಲಿ. ಹಿರಿಯರು ಮನೆಗೆ ಬಂದ ಹುಡುಗರನ್ನು ಕೂರಿಸಿಕೊಂಡು ಒಂದು ತಾಸು ಮಾತನಾಡಲಿ.

ಮಕ್ಕಳಿಗೆ ನಮ್ಮ ಕೋರಿಕೆ ಒಂದೇ. ಯಾರಾದರೂ "ಇನ್ನೊಂದು ಭಾನುವಾರ ಬಾ" ಎಂದರೆ, ಆ ಭಾನುವಾರವೇ ಹೋಗಿ.